ಪಕ್ಕದ ಮನೆಯವರಿಗೆ ಕಷ್ಟ ಬಂದಾಗ ಬೀದಿಯವರೆಲ್ಲ ಕೆಲಸ ಹಂಚಿಕೊಂಡ ಬಗೆ

ಚಿಕ್ಕ ಊರಲ್ಲಿ ಸುದ್ದಿ ಹರಡೋದಕ್ಕೆ ಹೊತ್ತೇ ಬೇಡ. ನಮ್ಮ ಬೀದಿಯ ಒಬ್ಬರು ಕೆಲಸದ ಜಾಗದಲ್ಲಿ ಮೇಲಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿತ್ತು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಕಣ್ಣು ಸರಿಯಾಗಿ ಕಾಣದ ಅತ್ತೆ. ನೋಡೋದಕ್ಕೆ ಜನ ಬಂದರು, ತುಂಬಾ ಜನ ಬಂದರು. ಹೋಗುವಾಗ ಎಲ್ಲರದ್ದೂ ಒಂದೇ ಮಾತು: "ಏನಾದ್ರೂ ಬೇಕಿದ್ರೆ ಸಂಕೋಚ ಮಾಡ್ಕೋಬೇಡಿ, ಹೇಳಿ." ಆಕೆ ಯಾರಿಗೂ ಏನೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ? ನಿದ್ದೆ ಇಲ್ಲದ ಹೆಂಗಸು ಏನು ಬೇಕು ಅಂತ ಯೋಚಿಸಿ, ಯಾರನ್ನು ಕೇಳಿದರೆ ಸರಿ ಅಂತ ಲೆಕ್ಕ ಹಾಕಿ, ಆಮೇಲೆ ಬಾಯಿ ಬಿಟ್ಟು ಕೇಳಬೇಕು. ಅದೇ ಒಂದು ಕೆಲಸ ಅಲ್ವಾ?

ಹಾಗಾಗಿ ನಾನು ಮತ್ತು ಎದುರು ಮನೆಯ ಅಕ್ಕ ಸೇರಿ ಮಧ್ಯದಲ್ಲಿ ನಿಂತೆವು. ಸಹಾಯ ಮಾಡುವವರು ನಮ್ಮನ್ನು ಕೇಳಲಿ, ಆ ಮನೆಯವರಿಗೆ ನಾವಿಬ್ಬರೇ ಮಾತಾಡೋಣ ಅಂತ. ಅದಕ್ಕೂ ಮೊದಲು ಆಕೆಯ ಒಪ್ಪಿಗೆ ಕೇಳಿದೆವು. ಇದನ್ನು ಬಿಡಬಾರದು. ಕೆಲವರಿಗೆ ಊರವರ ಕೈಯಿಂದ ತೆಗೆದುಕೊಳ್ಳೋದು ನೋವಿಗಿಂತ ಜಾಸ್ತಿ ಕಷ್ಟ. ಆಕೆ ಒಂದೇ ಷರತ್ತು ಹಾಕಿದರು, ಗಂಡನ ಫೋಟೋ ಎಲ್ಲೂ ಹಾಕಬಾರದು. ಕೊನೆಯವರೆಗೂ ಹಾಕಲಿಲ್ಲ. ಫೋಟೋ ಇಲ್ಲದಿದ್ದರೆ ಯಾರು ದುಡ್ಡು ಕೊಡ್ತಾರೆ ಅಂತ ಒಬ್ಬರು ವಾದ ಮಾಡಿದರು. ಅವರಿಗೆ ನಾನು ಉತ್ತರ ಕೊಡೋದಕ್ಕೇ ಹೋಗಲಿಲ್ಲ.

ಆಮೇಲೆ ಆಕೆಯ ಜೊತೆ ಕೂತು ಒಂದು ಮಾಮೂಲಿ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಹೇಗೆ ನಡೆಯುತ್ತೆ ಅಂತ ಬರೆದುಕೊಂಡೆವು. "ಏನು ಸಹಾಯ ಬೇಕು" ಅಂತ ಕೇಳಿದರೆ "ಏನೂ ಬೇಡ" ಅನ್ನುತ್ತಿದ್ದವರು, ದಿನ ಹೇಗೆ ಹೋಗುತ್ತೆ ಅಂತ ಕೇಳಿದಾಗ ಎಲ್ಲವನ್ನೂ ಹೇಳಿದರು. ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತಿಗೇ ಅತ್ತೆಯ ಮಾತ್ರೆ. ಆಸ್ಪತ್ರೆಯಲ್ಲಿ ರಾತ್ರಿ ಯಾರಾದರೂ ಇರಲೇಬೇಕು. ಚಿಕ್ಕ ಮಗುವಿಗೆ ಜ್ವರ ಬಂದರೆ ಏನು ಗತಿ ಅನ್ನೋದು ಆಕೆಯ ದೊಡ್ಡ ಭಯ. ಇದ್ಯಾವುದೂ ನಮಗೆ ಹೊಳೆದಿರಲಿಲ್ಲ. ನಾವು ಸುಮ್ನೆ ಊಟ ಮತ್ತು ಹಣ ಅಂದುಕೊಂಡಿದ್ದೆವು.

ಊಟದ ವಿಷಯವೇ ಮೊದಲು ದಾರಿ ತಪ್ಪಿದ್ದು. ಒಂದೇ ದಿನ ಎಷ್ಟೋ ಮನೆಗಳಿಂದ ಡಬ್ಬಿ ಬರುತ್ತಿತ್ತು, ಮರುದಿನ ಒಂದೂ ಇಲ್ಲ. ಬೇಯಿಸಿದ ಅಡುಗೆಯನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು, ಫ್ರಿಜ್‌ನಲ್ಲಿಟ್ಟರೂ 3-4 ದಿನದೊಳಗೆ ಮುಗಿಸಬೇಕು. ಹಾಗಾಗಿ ಒಳ್ಳೆಯ ಮನಸ್ಸಿಂದ ಮಾಡಿದ ಅಡುಗೆಯನ್ನು ಚೆಲ್ಲುವ ಸಂಕಟವೂ ಆಕೆಯದ್ದೇ. ಜೊತೆಗೆ ಡಬ್ಬಿ ತೊಳೆದು ಯಾರದ್ದು ಯಾರಿಗೆ ಅಂತ ವಾಪಸ್ ಮುಟ್ಟಿಸುವ ಕೆಲಸ ಬೇರೆ. ಪಾಳಿ ಮಾಡಿದೆವು. ದಿನಕ್ಕೆ ಒಂದು ಮನೆ, ಒಂದು ಹೊತ್ತು. ಡಬ್ಬಿಯ ಮೇಲೆ ಹೆಸರು ಬರೆದಿರಬೇಕು. ಖಾಲಿ ಡಬ್ಬಿ ನಮ್ಮ ಮನೆಗೆ ಬರಲಿ, ಅಲ್ಲಿಂದ ಅವರವರೇ ತೆಗೆದುಕೊಂಡು ಹೋಗಲಿ. ಬಾಗಿಲಲ್ಲಿ ಕೊಟ್ಟು ಬರಬೇಕು, ಒಳಗೆ ಹೋಗಿ ಕೂರಬಾರದು ಅನ್ನೋ ನಿಯಮಕ್ಕೆ ಮಾತ್ರ ಒಂದಿಬ್ಬರು ಮುನಿಸಿಕೊಂಡರು.

ಅದು ಯಾಕೆ ಬೇಕಿತ್ತು ಅಂದರೆ, ಬಂದವರು ಕೂತು ಅಳುತ್ತಿದ್ದರು. ತಮ್ಮ ಸಂಬಂಧಿಕರಲ್ಲಿ ಯಾರಿಗೋ ಹೀಗೇ ಆಗಿ ಆಮೇಲೆ ನಡೆಯಲೇ ಇಲ್ಲ ಅಂತ ಕಥೆ ಹೇಳುತ್ತಿದ್ದರು. ಆಕೆಯೇ ಅವರನ್ನು ಸಮಾಧಾನ ಮಾಡಿ ಕಳಿಸಬೇಕು! ಸೂಸನ್ ಸಿಲ್ಕ್ ಅನ್ನೋ ಮನಶ್ಶಾಸ್ತ್ರಜ್ಞೆ 2013ರಲ್ಲಿ ಬ್ಯಾರಿ ಗೋಲ್ಡ್‌ಮನ್ ಜೊತೆ ಬರೆದ ಒಂದು ಲೇಖನದಲ್ಲಿ ಇದಕ್ಕೆ ಸುಲಭದ ಲೆಕ್ಕ ಇದೆ. ಕಷ್ಟದಲ್ಲಿರುವವರನ್ನು ನಡುವೆ ಇಟ್ಟು ಸುತ್ತಲೂ ವೃತ್ತ ಎಳೆಯಿರಿ, ಹತ್ತಿರದವರು ಒಳಗಿನ ವೃತ್ತದಲ್ಲಿ, ದೂರದವರು ಹೊರಗೆ. ಒಳಗಿನವರಿಗೆ ಸಮಾಧಾನ ಹೇಳಬೇಕು, ನಮ್ಮ ಗೋಳನ್ನು ಹೊರಗಿನವರ ಹತ್ತಿರ ತೋಡಿಕೊಳ್ಳಬೇಕು. ನಾನು ಇದನ್ನು ಬೀದಿಯವರಿಗೆ ವಿವರಿಸೋಕೆ ಹೋಗಲಿಲ್ಲ. "ಅಳು ಬಂದ್ರೆ ನಮ್ಮನೆಗೆ ಬನ್ನಿ" ಅಂದೆ, ಅಷ್ಟೇ.

ಇನ್ನು ಕೇಳುವ ರೀತಿ. ಗುಂಪಿನಲ್ಲಿ "ಇವತ್ತು ರಾತ್ರಿ ಆಸ್ಪತ್ರೆಗೆ ಯಾರಾದ್ರೂ ಹೋಗ್ತೀರಾ?" ಅಂತ ಹಾಕಿದರೆ ಕೈಮುಗಿದ ಚಿತ್ರಗಳು ಬರುತ್ತವೆ, ಜನ ಬರೋದಿಲ್ಲ. ಜನರಿಗೆ ಮನಸ್ಸಿಲ್ಲ ಅಂತಲ್ಲ. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಅನ್ನೋ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಬೇರೆ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ಸದ್ದು ಕೇಳಿಸಿದಾಗ, ಕೇಳಿಸಿಕೊಂಡಿದ್ದು ತಾನೊಬ್ಬನೇ ಅಂದುಕೊಂಡವರಲ್ಲಿ 85% ಜನ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಂಡಿದ್ದಾರೆ ಅಂದುಕೊಂಡವರಲ್ಲಿ ಎದ್ದಿದ್ದು 31% ಮಾತ್ರ. ಬೇರೆಯವರು ನೋಡಿಕೊಳ್ತಾರೆ ಅನ್ನೋ ಭಾವನೆ. ಅದಕ್ಕೇ ನಾವು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೆವು: "ಅಣ್ಣ, ಗುರುವಾರ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ನೀವು ಇರೋಕೆ ಆಗುತ್ತಾ? ಆಗಲ್ಲ ಅಂದ್ರೂ ಬೇಜಾರಿಲ್ಲ." ಆಗಲ್ಲ ಅಂದವರು ಕಡಿಮೆ. ಅಂದವರೂ ಬೇರೆ ಕೆಲಸ ಕೇಳಿ ತೆಗೆದುಕೊಂಡರು. ಮಾತೇ ಆಡದ ಒಬ್ಬ ಹುಡುಗ ಮಕ್ಕಳ ಹೋಮ್‌ವರ್ಕ್ ವಹಿಸಿಕೊಂಡ, ಅಷ್ಟು ಚೆನ್ನಾಗಿ ಇನ್ಯಾರೂ ಮಾಡುತ್ತಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಜವಾದ ಪರೀಕ್ಷೆ. ನಮ್ಮ ಜನ ಆರಂಭ ಶೂರರು. ತೊಡೆ ಮೂಳೆ ಕೂಡಿಕೊಳ್ಳೋಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಬೀದಿಯ ಉತ್ಸಾಹಕ್ಕೆ ಅಷ್ಟು ಆಯಸ್ಸಿರಲ್ಲ. ಇದನ್ನು ಮೊದಲೇ ಲೆಕ್ಕ ಹಾಕಿ ಅರ್ಧ ಜನರನ್ನು ಬೇಕಂತಲೇ ಹಿಂದೆ ಇಟ್ಟಿದ್ದೆವು, ನಿಮ್ಮ ಸರದಿ ಎರಡನೇ ತಿಂಗಳಿಂದ ಅಂತ. ಮಲಗಿದಲ್ಲೇ ಇರುವವರನ್ನು 2 ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟದ ಹತ್ತಿರ ಹುಣ್ಣಾಗುತ್ತೆ. ಇವರಿಗೆ ಎಷ್ಟು ಹೊತ್ತಿಗೊಮ್ಮೆ, ಕಾಲನ್ನು ಹೇಗೆ ಹಿಡಿದು ಹೊರಳಿಸಬೇಕು ಅಂತ ನರ್ಸ್ ನಮ್ಮಲ್ಲಿ ಕೆಲವರಿಗೆ ತೋರಿಸಿಕೊಟ್ಟಿದ್ದರು. ಹಗಲು ಪಾಳಿಯವರು ಅದನ್ನು ಮಾಡುತ್ತಿದ್ದ ಹೊತ್ತಲ್ಲಿ ಆಕೆ ಮಲಗುತ್ತಿದ್ದರು.

ಹಣದ ವಿಚಾರದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಇದ್ದೆವು. ಎಣಿಸುವಾಗ ಇಬ್ಬರು ಇರಲೇಬೇಕು. ಬಂದದ್ದು, ಹೋದದ್ದು ಅದೇ ದಿನ ಪುಸ್ತಕಕ್ಕೆ. ಆಸ್ಪತ್ರೆ ಬಿಲ್ಲು, ಔಷಧಿ ನೇರವಾಗಿ ಕಟ್ಟಿ ರಸೀದಿ ಅಂಟಿಸುತ್ತಿದ್ದೆವು. ಒಟ್ಟು ಮೊತ್ತ ಎಲ್ಲರಿಗೂ ಗೊತ್ತು, ಯಾರು ಎಷ್ಟು ಕೊಟ್ಟರು ಅನ್ನೋದು ನಮ್ಮಿಬ್ಬರಿಗೆ ಮಾತ್ರ. ಪಟ್ಟಿ ಅಂಟಿಸಿದರೆ ಇನ್ನೂ ಜಾಸ್ತಿ ಬರುತ್ತೆ ಅಂದರು. ಬರುತ್ತಿತ್ತೇನೋ. ಆದರೆ ಕೈಲಾಗದವರು ಆ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಬೇಕಿತ್ತು. ಸಾಲವೋ ಕೊಡುಗೆಯೋ ಅನ್ನೋದನ್ನೂ ಮೊದಲೇ ಕೇಳಿಬಿಟ್ಟೆವು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಆಮೇಲೆ ಗೊಣಗುವ ಹಾಗಾಗಬಾರದು. ಸಾಲ ಅಂದವರಿಗೆ ಥ್ಯಾಂಕ್ಸ್ ಹೇಳಿ ಬೇಡ ಅಂದೆವು.

ಅವರು ವಾಕರ್ ಹಿಡಿದು ಓಡಾಡೋಕೆ ಶುರು ಮಾಡಿದಾಗ ಆಕೆಯೇ "ಇನ್ನು ಅಡುಗೆ ನಾನೇ ಮಾಡ್ಕೋತೀನಿ" ಅಂದರು. ಅವತ್ತೇ ಊಟ ನಿಲ್ಲಿಸಿದೆವು. ಇನ್ನೊಂದು ವಾರ ಇರಲಿ ಅಂತ ಒತ್ತಾಯ ಮಾಡಲಿಲ್ಲ. ಮಕ್ಕಳನ್ನು ಶಾಲೆಗೆ ಬಿಡೋದು ಮಾತ್ರ ಮುಂದುವರೀತು. ಪುಸ್ತಕವನ್ನು ಆಕೆಗೆ ತೋರಿಸಿದಾಗ ಸ್ವಲ್ಪ ಹಣ ಉಳಿದಿತ್ತು. ಉಳಿದರೆ ಅದು ಅವರದ್ದೇ, ಯಾವುದಕ್ಕೆ ಖರ್ಚು ಮಾಡಿದರು ಅಂತ ಯಾರೂ ಕೇಳೋ ಹಾಗಿಲ್ಲ ಅಂತ ಶುರುವಿನಲ್ಲೇ ಬರೆದಿಟ್ಟಿದ್ದರಿಂದ ಚರ್ಚೆ ಆಗಲಿಲ್ಲ. ಒಬ್ಬರು ಮಾತ್ರ ತಮ್ಮ ಪಾಲು ವಾಪಸ್ ಬೇಕು ಅಂದರು. ಮೊದಲ ಪುಟ ತೆಗೆದು ತೋರಿಸಿದೆವು, ಅವರ ಸಹಿ ಅಲ್ಲೇ ಇತ್ತು.