ಹಳೆಯ ಮನೆಯ ಮೇಲೆ ಇನ್ನೊಂದು ಮಹಡಿಯೇ? ಮೊದಲು ಪಾಯ ನೋಡಿ

ಮೇಸ್ತ್ರಿ ಪಿಲ್ಲರ್ ತಟ್ಟಿ ‘ಇನ್ನೂ ಎರಡು ಅಂತಸ್ತು ಹೊರುತ್ತದೆ ಸರ್’ ಎಂದರೆ ಸಂತೋಷಪಡಿ, ಮುಂಗಡ ಮಾತ್ರ ಕೊಡಬೇಡಿ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಹುಡುಕಿ.

ಅವರು ಕೇಳುವುದು ಕಂಬಿ ಮತ್ತು ಫುಟಿಂಗ್‌ಗಳ (ಕಾಲಂ ಅಂದರೆ ಪಿಲ್ಲರ್‌ನ ಬುಡದಲ್ಲಿ ನೆಲದೊಳಗಿರುವ ಅಗಲ ಕಾಂಕ್ರೀಟ್ ಪಾದ) ಅಳತೆಯಿರುವ ಹಳೆಯ ಡ್ರಾಯಿಂಗ್. ಅದು ಸಿಗದಿದ್ದರೆ ಒಂದೆರಡು ಕಾಲಂಗಳ ಪಕ್ಕ ಗುಂಡಿ ತೋಡಿಸಿ ಫುಟಿಂಗ್‌ನ ಅಗಲ, ದಪ್ಪ, ಅಡಿಯ ಮಣ್ಣು ಪರೀಕ್ಷಿಸಬೇಕು. ಕಾಲಂಗಳೇ ಇಲ್ಲದೆ ಸೈಜುಗಲ್ಲಿನ ಪಾಯದ ಮೇಲೆ ಗೋಡೆಗಳೇ ಭಾರ ಹೊತ್ತಿರುವ ಮನೆಯಾದರೆ ಲೆಕ್ಕವೇ ಬೇರೆ. ಸ್ವಂತ ಪಾಯದ ಹೊಸ ಕಾಲಂಗಳನ್ನು ನೆಲದಿಂದಲೇ ಎಬ್ಬಿಸಬೇಕಾಗಬಹುದು.

ಮುಂದಿನದು ಕಾಂಕ್ರೀಟಿನ ಪರೀಕ್ಷೆ. ಕಾಂಕ್ರೀಟಿಗೆ ಬಡಿದು ಪುಟಿಯುವ ಪ್ರಮಾಣ ಅಳೆಯುವ ರಿಬೌಂಡ್ ಹ್ಯಾಮರ್ ಮೇಲ್ಮೈಯ ಗಟ್ಟಿತನವನ್ನಷ್ಟೇ ಹೇಳುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ತಗಲಿ ಹಳೆಯ ಕಾಂಕ್ರೀಟಿನ ಹೊರಪದರ ಗಡುಸಾಗಿರುವುದರಿಂದ ಅದು ಇಲ್ಲದ ಬಲವನ್ನೂ ತೋರಿಸೀತು. ಅನುಮಾನವಿದ್ದರೆ ಕೋರ್ (ಕೊಳವೆಯಾಕಾರದ ಕಾಂಕ್ರೀಟ್ ತುಂಡು) ಕೊರೆಸಿ ಪ್ರಯೋಗಾಲಯಕ್ಕೆ ಕಳುಹಿಸಿ.

ತಾರಸಿಯಲ್ಲಿ ಮುಂದಿನ ಮಹಡಿಗೆಂದು ಬಿಟ್ಟ ಕಂಬಿಗಳನ್ನೂ ನೋಡಿ. ಹೊಸ ಕಂಬಿಯನ್ನು ಹಳೆಯದರ ಜೊತೆ ವ್ಯಾಸದ ಸುಮಾರು 50 ಪಟ್ಟು ಉದ್ದಕ್ಕೆ ಜೋಡಿಸುವುದು ವಾಡಿಕೆ, 12 ಮಿ.ಮೀ. ಕಂಬಿಗೆ 60 ಸೆಂ.ಮೀ. ಮಳೆಗೆ ತುಕ್ಕು ಹಿಡಿದು ಪದರ ಪದರವಾಗಿ ಏಳುವ ತುಂಡನ್ನು ನಂಬಬಾರದು. ಕಾಂಕ್ರೀಟ್ ಒಡೆದು ಒಳಗಿನ ಚೊಕ್ಕ ಕಂಬಿಯನ್ನೇ ಹಿಡಿಯಬೇಕು.

ಇನ್ನು ಭಾರ. ಐದು ಇಂಚಿನ ಛಾವಣಿ ಚದರ ಮೀಟರಿಗೆ 300 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಮೂರು ಮೀಟರ್ ಎತ್ತರದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಉದ್ದದ ಪ್ರತಿ ಮೀಟರಿಗೆ 1,300 ಕೆ.ಜಿ. ಆಸುಪಾಸು. 3×4 ಮೀಟರ್ ಅಂತರದ ಚೌಕಟ್ಟಿನಲ್ಲಿ ನಡುವಿನ ಒಂದು ಕಾಲಂ ಪಾಲಿಗೆ ಏಳು ಮೀಟರ್ ಗೋಡೆ ಬಂದರೆ ಗೋಡೆಯೇ ಒಂಬತ್ತು ಟನ್ ಆಯಿತು! ಅದೇ ಆರು ಇಂಚಿನ ಹಗುರ ಎಎಸಿ ಬ್ಲಾಕ್ (ಗಾಳಿಗುಳ್ಳೆಗಳಿರುವ ಕಾಂಕ್ರೀಟ್ ಇಟ್ಟಿಗೆ) ಬಳಸಿದರೆ ಎರಡು ಟನ್ ಚಿಲ್ಲರೆ. ಗ್ರಾನೈಟ್ ನೆಲಹಾಸಿನ ಆಸೆಯನ್ನೂ ಇಲ್ಲಿಯೇ ಕೈಬಿಡುವುದು ಒಳ್ಳೆಯದು.

ಲೆಕ್ಕ ಹೊಂದದಿದ್ದರೆ ಕಾಲಂಗೆ ಜಾಕೆಟಿಂಗ್ ಮಾಡಿಸಬೇಕು. ಹಳೆಯ ಮೇಲ್ಮೈಯನ್ನು ಕೆತ್ತಿ ಒರಟಾಗಿಸಿ, ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ತುಂಬುವ ಕೆಲಸವಿದು. ಫುಟಿಂಗ್ ಸಾಲದಿದ್ದರೆ ಅಲ್ಲಿಂದಲೇ ಶುರುವಾಗಬೇಕು. ನೆಲದ ಮೇಲಷ್ಟೇ ಮಾಡಿಸಿದರೆ ದಂಡ.

ಷಿಕಾಗೊದ ಬ್ಲೂ ಕ್ರಾಸ್ ಬ್ಲೂ ಶೀಲ್ಡ್ ಕಟ್ಟಡ 1997ರಲ್ಲಿ ಮುಗಿದ ಮೇಲೂ 2010ರ ಹೊತ್ತಿಗೆ ಇನ್ನೂ 24 ಮಹಡಿ ಏರಿತು. ಆ ಭಾರಕ್ಕೆ ಪಾಯವನ್ನು ಮೊದಲೇ ಲೆಕ್ಕ ಹಾಕಿ ಕಟ್ಟಿದ್ದರು. ಇದಕ್ಕೆ ವಿರುದ್ಧವಾಗಿ, ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಸಾಂಪೂಂಗ್ ಮಳಿಗೆಗೆ ಯೋಜನೆಯಲ್ಲಿ ಇಲ್ಲದ ಐದನೇ ಮಹಡಿ ಸೇರಿಸಿದ್ದು, 1995ರಲ್ಲಿ 502 ಜನರನ್ನು ಬಲಿ ಪಡೆದ ಅದರ ಕುಸಿತಕ್ಕೆ ಕಾರಣವಾದ ತಪ್ಪುಗಳಲ್ಲಿ ಒಂದು.

ಸ್ಥಳೀಯ ಸಂಸ್ಥೆಯ ಪರವಾನಗಿ ಕೈಗೆ ಬಂದ ಮೇಲೆಯೇ ಕೆಲಸ ಹಿಡಿಯಿರಿ. ಲೋಡ್ ಇಳಿಸುವ ದಿನ ಎದುರು ನಿಂತಿರಿ: ಸಾವಿರ ಇಟ್ಟಿಗೆ ಸುಮಾರು ಮೂರು ಟನ್, ಅದನ್ನು ತಾರಸಿಯ ನಡುವೆ ಒಂದೇ ಕಡೆ ಪೇರಿಸಲು ಬಿಡಬೇಡಿ.