ವೃದ್ಧಾಶ್ರಮದ ಹೊಸ ಅಟೆಂಡರ್‌ಗೆ ಕೆಲಸ ಕಲಿಸುವುದು ಹೇಗೆ

ಡಾಕ್ಟರು ಆಗಾಗ ಬಂದು ನೋಡಿ ಹೋಗುತ್ತಾರೆ, ಸಿಸ್ಟರ್ ಪಾಳಿಗೊಬ್ಬರು ಇದ್ದರೆ ಪುಣ್ಯ. ಹಾಸಿಗೆ ಹಿಡಿದವರ ಮೈ ಒರೆಸುವುದು, ತುತ್ತಿಡುವುದು, ಡೈಪರ್ ಬದಲಿಸುವುದು ಎಲ್ಲ ಅಟೆಂಡರ್‌ಗಳ ಕೈಯಲ್ಲೇ. ಅಜ್ಜಿ ನಿನ್ನೆಗಿಂತ ನಾಲ್ಕು ತುತ್ತು ಕಮ್ಮಿ ತಿಂದರು, ಮೂತ್ರದ ಬಣ್ಣ ಗಾಢವಾಗಿದೆ, ಬೆಳಿಗ್ಗೆಯಿಂದ ಮಂಕಾಗಿದ್ದಾರೆ ಎಂಬುದು ಮೊದಲು ಕಣ್ಣಿಗೆ ಬೀಳುವುದೂ ಅವರಿಗೇ. ಅದನ್ನು ಗುರುತಿಸಿ ಹೇಳುವಷ್ಟು ಅವರನ್ನು ತಯಾರು ಮಾಡುವುದು ತರಬೇತಿಯ ಅರ್ಧ ಕೆಲಸ.

ಅಮೆರಿಕದಲ್ಲಿ 1987ರ ಕಾನೂನಿನಂತೆ ನರ್ಸಿಂಗ್ ಹೋಮ್ ಸಹಾಯಕರಿಗೆ ಕನಿಷ್ಠ 75 ಗಂಟೆ ತರಬೇತಿ ಕಡ್ಡಾಯ. ಅದರಲ್ಲಿ 16 ಗಂಟೆ ನರ್ಸ್ ಕಣ್ಣೆದುರು ಕೈಯಾರೆ ಮಾಡಿ ಕಲಿಯಬೇಕು. ನಮ್ಮಲ್ಲಿ ಇದೇ ಆರೈಕೆ ಕೆಲಸ ಕಲಿಸುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಇದೆ. ಅದನ್ನು ಮಾಡದೆ ನೇರ ಕೆಲಸಕ್ಕೆ ಬರುವವರೂ ಬಹಳ. ಅವರನ್ನು ಹಳಬರ ಹಿಂದೆ ಬಿಟ್ಟು "ನೋಡಿ ಕಲಿತುಕೋ" ಅಂದರೆ ಹಳಬರ ತಪ್ಪುಗಳನ್ನೂ ಸೇರಿಸಿಯೇ ಕಲಿಯುತ್ತಾರೆ. ಪ್ರತಿ ಕೆಲಸವನ್ನೂ ಮೊದಲು ನೀವು ಮಾಡಿ ತೋರಿಸಿ, ಆಮೇಲೆ ಅವರು ಜೊತೆಯವರ ಮೇಲೆ ಮಾಡಲಿ, ಕೊನೆಗೆ ನಿಮ್ಮೆದುರೇ ಹಿರಿಯರಿಗೆ ಮಾಡಲಿ.

ಮೊದಲ ದಿನ ಹೊಸಬರನ್ನೇ ಮಂಚದ ಮೇಲೆ ಅಂಗಾತ ಮಲಗಿಸಿ, ಅರ್ಧ ಗಂಟೆ ಅಲುಗಾಡಬೇಡಿ ಅನ್ನಿ. ಬೆನ್ನಿನ ಕೆಳತುದಿ, ಹಿಮ್ಮಡಿ, ತಲೆಯ ಹಿಂಭಾಗ ಒತ್ತುವುದು ಅವರ ಮೈಗೇ ಗೊತ್ತಾಗುತ್ತದೆ. ಹಾಸಿಗೆ ಹುಣ್ಣು ಹೆಚ್ಚಾಗಿ ಏಳುವುದು ಅದೇ ಜಾಗಗಳಲ್ಲಿ.

ಕೈ ತೊಳೆಯುವುದು ಎಲ್ಲರಿಗೂ ಗೊತ್ತು ಅಂದುಕೊಳ್ಳಬೇಡಿ. ಸೋಪಿನಲ್ಲಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30. ಬಿಟ್ಟುಹೋಗುವುದು ಹೆಬ್ಬೆರಳು, ಉಗುರಿನ ತುದಿ, ಬೆರಳ ಸಂದು. ಡೈಪರ್ ತೆಗೆದ ಗ್ಲೌಸ್‌ನಲ್ಲೇ ನೀರಿನ ಬಾಟಲಿ ಮುಟ್ಟುವುದು ದಿನಾ ನಡೆಯುವ ತಪ್ಪು. ಗ್ಲೌಸ್ ಬಿಚ್ಚಿದ ಮೇಲೂ ಕೈ ತೊಳೆಯಲೇಬೇಕು.

ಮಗ್ಗುಲು ಬದಲಿಸುವುದು

ರೂಢಿಯ ಲೆಕ್ಕ ಎರಡು ಗಂಟೆಗೊಮ್ಮೆ. ಚರ್ಮ ಸೂಕ್ಷ್ಮವಾಗಿದ್ದರೆ ಇನ್ನೂ ಬೇಗ. ಏರ್ ಬೆಡ್ ಇದೆ ಅಂತ ಬಿಡುವಂತಿಲ್ಲ.

ಮೊದಲು ಹಿರಿಯರಿಗೆ ಏನು ಮಾಡುತ್ತೀರಿ ಅಂತ ಹೇಳಿ, ಪರದೆ ಎಳೆಯಿರಿ, ಮಂಚದ ಬ್ರೇಕ್ ಹಾಕಿ. ಮೈ ಕೆಳಗೆ ಡ್ರಾ ಶೀಟ್ (ಭುಜದಿಂದ ತೊಡೆಯವರೆಗೆ ಅಡ್ಡಲಾಗಿ ಹಾಸುವ ಸಣ್ಣ ಬೆಡ್‌ಶೀಟ್) ಹಾಸಿರಬೇಕು. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಹಿಡಿದು ಎತ್ತಿ ಸರಿಸಬೇಕು. ಒಬ್ಬರೇ ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಮೂಳೆ ಮುಂದೆ ಹೋಗುತ್ತದೆ, ನಡುವಿನ ರಕ್ತನಾಳಗಳು ಎಳೆದು ಹರಿದುಹೋಗುತ್ತವೆ. ಮೇಲೆ ಗಾಯ ಕಾಣದಿದ್ದರೂ ಹುಣ್ಣು ಅಲ್ಲಿಂದಲೇ ಶುರು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆ ಮೇಲೆ ಬೀಳುತ್ತದೆ, ಆದ್ದರಿಂದ ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸಿ. ಮಂಡಿಗಳ ನಡುವೆ ಒಂದು ದಿಂಬು. ಅಂಗಾತ ಮಲಗಿಸಿದಾಗ ಮೀನಖಂಡದ ಕೆಳಗೆ ದಿಂಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ.

ಮಗ್ಗುಲು ಬದಲಿಸುವಾಗಲೆಲ್ಲ ಚರ್ಮ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಬಿಳುಚಿಕೊಂಡು ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಕೆಂಪು ಹೋಗದಿದ್ದರೆ ಅದು ಹುಣ್ಣಿನ ಮೊದಲ ಹಂತ, ತಕ್ಷಣ ಸಿಸ್ಟರ್‌ಗೆ ಹೇಳಬೇಕು. ಆದರೆ ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದೇ ಕಷ್ಟ. ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಇನ್ನೂ ಕಪ್ಪಾಗಿದೆಯೇ ಅಂತ ಕೈಯಿಟ್ಟು ನೋಡಲು ಕಲಿಸಿ. ಆ ಜಾಗಕ್ಕೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುವ ಅಭ್ಯಾಸ ಬಹಳ ಕಡೆ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಮೊದಲೇ ನೊಂದಿರುವ ರಕ್ತನಾಳ ಅದರಿಂದ ಇನ್ನಷ್ಟು ಹಾಳಾಗುತ್ತದೆ. ರಿಂಗ್ ಆಕಾರದ ದಿಂಬೂ ಬೇಡ, ಅದು ಸುತ್ತಲೂ ಒತ್ತಿ ರಕ್ತ ತಡೆಯುತ್ತದೆ.

ಊಟ ಮಾಡಿಸುವುದು

ಅವಸರ ಜಾಸ್ತಿ ಇರುವ ಕೆಲಸ ಇದು, ಅಪಾಯವೂ ಜಾಸ್ತಿ. ಅಟೆಂಡರ್ ನಿಂತುಕೊಂಡು ತಿನ್ನಿಸಿದರೆ ಹಿರಿಯರು ಕತ್ತೆತ್ತಿ ನೋಡುತ್ತಾರೆ. ಗದ್ದ ಮೇಲೆದ್ದಾಗ ಶ್ವಾಸನಾಳದ ದಾರಿ ತೆರೆದುಕೊಂಡು ತುತ್ತು ನೆತ್ತಿಗೇರುವುದು ಸುಲಭ. ಕುರ್ಚಿ ಹಾಕಿಕೊಂಡು ಅವರ ಕಣ್ಣಿನ ಮಟ್ಟಕ್ಕೇ ಕೂರಬೇಕು. ಹಿರಿಯರ ಬೆನ್ನು ನೆಟ್ಟಗೆ, ಗದ್ದ ಸ್ವಲ್ಪ ಕೆಳಗೆ. ಮಂಚದಲ್ಲೇ ತಿನ್ನಿಸುವುದಾದರೆ ಮೊದಲು ಮಂಡಿಯ ಭಾಗ ಎತ್ತಿ, ಆಮೇಲೆ ತಲೆಯ ಭಾಗ ಎತ್ತಿ, ಇಲ್ಲದಿದ್ದರೆ ಮೈ ಜಾರಿ ಬೆನ್ನಿನ ಕೆಳತುದಿ ಉಜ್ಜುತ್ತದೆ.

ಒಮ್ಮೆಗೆ ಟೀ ಚಮಚದಷ್ಟು ಮಾತ್ರ. ಗಂಟಲು ಮೇಲೆ ಹೋಗಿ ಕೆಳಗಿಳಿದದ್ದು ನೋಡಿದ ಮೇಲೆಯೇ ಮುಂದಿನ ತುತ್ತು. ಪಾರ್ಶ್ವವಾಯು ಆದವರಿಗೆ ಗಟ್ಟಿ ಇರುವ ಕಡೆಯ ಕೆನ್ನೆಗೆ ಕೊಡಿ, ಊಟ ಮುಗಿದ ಮೇಲೆ ಬಿದ್ದ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡಿ. ನುಂಗಲು ತೊಂದರೆ ಇರುವವರಿಗೆ ಅನ್ನದ ಮೇಲೆ ತಿಳಿಸಾರು ಹಾಕಿ ಕೊಡುವುದು ಕೆಟ್ಟದ್ದು: ಅನ್ನ ಬಾಯಲ್ಲಿರುವಾಗಲೇ ಸಾರು ಗಂಟಲಿಗಿಳಿಯುತ್ತದೆ. ನುಣ್ಣಗೆ ಕಿವುಚಿದ ಮೊಸರನ್ನ, ಗಟ್ಟಿ ಗಂಜಿಯಂಥ ಒಂದೇ ಹದದ ಊಟ ವಾಸಿ. ಇಂಥವರಿಗೆ ನೀರೇ ಎಲ್ಲಕ್ಕಿಂತ ಕಷ್ಟ, ಅದನ್ನು ಗಟ್ಟಿಯಾಗಿಸುವ ಪುಡಿ ಬೆರೆಸಿ ಎಷ್ಟು ಗಟ್ಟಿ ಮಾಡಿ ಕೊಡಬೇಕೆಂಬುದನ್ನು ಡಾಕ್ಟರು ಅಥವಾ ನುಂಗುವ ತೊಂದರೆ ನೋಡುವ ಥೆರಪಿಸ್ಟ್ ಹೇಳಬೇಕು. ಕೆಮ್ಮು ಬಂದರೆ ನಿಲ್ಲಿಸಿ, ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಿ, ನೀರು ಕುಡಿಸಬೇಡಿ. ತಿಂದ ಮೇಲೆ ದನಿ ಗೊರಗೊರ ಅಂದರೆ ಸಿಸ್ಟರ್‌ಗೆ ಹೇಳಿ. ತೂಕಡಿಸುತ್ತಿರುವವರಿಗೆ ಒಂದು ತುತ್ತೂ ಬೇಡ. ಊಟವಾದ ಮೇಲೆ ಅರ್ಧ ಗಂಟೆ ಕೂರಿಸಿ, ಬಾಯಿ ತೊಳೆಸಿ.

ಉಳಿದವು ಚಿಕ್ಕವು, ಆದರೆ ಬಾಯಿಪಾಠ ಆಗಬೇಕು. ಬಟ್ಟೆ ಹಾಕುವಾಗ ಸ್ವಾಧೀನವಿಲ್ಲದ ಕೈ ಮೊದಲು, ತೆಗೆಯುವಾಗ ಗಟ್ಟಿ ಕೈ ಮೊದಲು. ವೀಲ್‌ಚೇರನ್ನು ಹಿರಿಯರ ಸ್ವಾಧೀನವಿರುವ ಕಡೆಗೇ ಇಡಬೇಕು, ಬ್ರೇಕ್ ಹಾಕಿರಬೇಕು; ಕಂಕುಳಿಗೆ ಕೈ ಹಾಕಿ ಎತ್ತಿದರೆ ಭುಜದ ಕೀಲು ಜಾರಬಹುದು, ಸೊಂಟಕ್ಕೆ ಬೆಲ್ಟ್ ಕಟ್ಟಿ ಹಿಡಿಯಿರಿ. ಹೆಂಗಸರಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಯೂರಿನ್ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಶುಗರ್ 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ, ನುಂಗಲು ಬಂದರೆ, ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, ಸಿಸ್ಟರ್‌ಗೆ ಕರೆ ಮಾಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಇನ್ಸುಲಿನ್ ಡೋಸ್ ಹೆಚ್ಚು ಕಮ್ಮಿ ಮಾಡುವುದು, ಕಿತ್ತುಬಂದ ಟ್ಯೂಬ್ ಮತ್ತೆ ತೂರಿಸುವುದು ಅಟೆಂಡರ್ ಕೆಲಸ ಅಲ್ಲ. ಇದನ್ನು ಬರೆದು ಗೋಡೆಗೆ ಹಚ್ಚಿ, ಇಲ್ಲದಿದ್ದರೆ ರಾತ್ರಿ ಪಾಳಿಯಲ್ಲಿ ಯಾರೋ ಒಬ್ಬರು ಮಾಡಿಯೇ ತೀರುತ್ತಾರೆ.

ಹ್ಯಾಂಡೋವರ್ ಮತ್ತು ಚಾರ್ಟ್

ಪಾಳಿ ಮುಗಿಸಿ ಹೋಗುವವರು ಬರುವವರಿಗೆ ವಿವರ ಒಪ್ಪಿಸುವುದು ಹ್ಯಾಂಡೋವರ್. "ಚೆನ್ನಾಗಿದ್ದಾರೆ" ಅನ್ನುವುದು ಹ್ಯಾಂಡೋವರ್ ಅಲ್ಲ. "ಮಧ್ಯಾಹ್ನ ಅರ್ಧ ಬಟ್ಟಲು ಗಂಜಿ, ಬೆಳಿಗ್ಗೆಯಿಂದ ಮೂತ್ರ 200 ಮಿಲಿ, ಮೋಷನ್ ಆಗಿ ಮೂರು ದಿನ, ಎಡ ಹಿಮ್ಮಡಿ ಬಿಸಿ ಇದೆ": ಹೀಗೆ ಹೇಳಲು ದಿನಾ ಅಭ್ಯಾಸ ಮಾಡಿಸಿ. ಓದು ಬರಹ ಕಮ್ಮಿ ಇರುವವರಿಗೆ ಗಡಿಯಾರ, ಬಟ್ಟಲು, ಎಡ-ಬಲದ ಚಿತ್ರವಿರುವ ಚಾರ್ಟ್ ಕೊಟ್ಟು ಟಿಕ್ ಹಾಕಲು ಹೇಳಿ. ಅವರು ಹೇಳಿದ್ದನ್ನು "ಇರಲಿ ಬಿಡಮ್ಮ" ಅಂತ ತಳ್ಳಿಹಾಕಿದರೆ ಎರಡನೇ ಸಲ ಹೇಳುವುದಿಲ್ಲ.

ಮಗ್ಗುಲು ಚಾರ್ಟಿನಲ್ಲಿ ಎಲ್ಲರಿಗೂ ಸರಿಯಾಗಿ 2, 4, 6 ಗಂಟೆ ಅಂತಲೇ ಬರೆದಿದ್ದರೆ ನಂಬಬೇಡಿ. ಹಾಸಿಗೆ ಹಿಡಿದವರು ಹತ್ತು ಜನ, ಡೈಪರ್ ನೋಡಿ ಮಗ್ಗುಲು ಬದಲಿಸಲು ತಲೆಗೆ ಹತ್ತು ನಿಮಿಷ ಅಂದರೆ 100 ನಿಮಿಷ. ಎರಡೂ ಕಡೆ ಹಿಡಿಯುವ ಇಬ್ಬರೂ ಬೇರೇನೂ ಮಾಡದೆ ದುಡಿದರೂ ಎರಡು ಗಂಟೆಯಲ್ಲಿ ಉಳಿಯುವುದು 20 ನಿಮಿಷ. ರಾತ್ರಿ ಅಷ್ಟು ಜನಕ್ಕೆ ಒಬ್ಬರನ್ನೇ ಇಟ್ಟು ಚಾರ್ಟ್ ಕೇಳಿದರೆ ಸುಳ್ಳು ಚಾರ್ಟೇ ಸಿಗುವುದು. ಜನ ಹೆಚ್ಚಿಸಿ, ಸಂಬಳ ಹೆಚ್ಚಿಸಿ, ಆಮೇಲೆ ಬೈಯಿರಿ. ಅನುಭವಿ ಅಟೆಂಡರ್ ಸಾವಿರ ರೂಪಾಯಿ ಹೆಚ್ಚು ಕೊಡುವ ಕಡೆ ಹೋದರೆ, ಯಾವ ತಾತನಿಗೆ ಯಾವ ಕೆನ್ನೆಗೆ ತುತ್ತಿಡಬೇಕು ಎಂಬುದೂ ಅವರ ಜೊತೆ ಹೋಗುತ್ತದೆ. ಆದ್ದರಿಂದ ಆ ವಿವರಗಳನ್ನೆಲ್ಲ ಪ್ರತಿ ಮಂಚದ ತಲೆಬದಿಯ ಕಾರ್ಡಿನಲ್ಲಿ ಈಗಲೇ ಬರೆಸಿಡಿ.