ನೂರೈವತ್ತರ ಓಲೆಗೆ ನೂರು ರೂಪಾಯಿ ಕೊರಿಯರಾ? ಈ ಜಗಳವನ್ನು ನಾನು ಬಗೆಹರಿಸುವ ರೀತಿ

"ಎಂತ ಮಾರಾಯ್ರೆ, ನೂರೈವತ್ತು ರೂಪಾಯಿಯ ಓಲೆಗೆ ನೂರು ರೂಪಾಯಿ ಕೊರಿಯರಾ?"

ಉಡುಪಿಯಲ್ಲಿ ಕೂತು ವಾಟ್ಸಾಪ್ ಮೂಲಕ ಆಭರಣ ಮಾರುವ ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ನನ್ನ ಹತ್ತಿರ ಇರುವುದು ವನ್ ಗ್ರಾಮ್ ಗೋಲ್ಡ್ ಸರ, ಜುಮುಕಿ, ಬೆಂಡೋಲೆ, ಬಳೆ, ಭರತನಾಟ್ಯದ ಸೆಟ್ಟು, ಜೊತೆಗೆ ಸ್ವಲ್ಪ ಬೆಳ್ಳಿಯ ಕಾಲುಂಗುರ, ಗೆಜ್ಜೆ. ನಿಜವಾದ ಚಿನ್ನ ಕಳಿಸುವುದಿಲ್ಲ. ಬಹುತೇಕ ಕೊರಿಯರ್‌ನವರು ಚಿನ್ನ ಮುಟ್ಟುವುದೂ ಇಲ್ಲ, ಅದಕ್ಕೆ ವಿಮೆಯಿರುವ ಬೇರೆ ವ್ಯವಸ್ಥೆ ಬೇಕು. ಕುಂದಾಪುರ, ಕಾರ್ಕಳದವರಿಗೆ ಬಸ್ಸಿನಲ್ಲಿ ಪಾರ್ಸೆಲ್ ಹಾಕಿಬಿಡುತ್ತೇನೆ. ಜಗಳ ಹುಟ್ಟುವುದು ಬೆಂಗಳೂರು, ಮುಂಬೈ, ಪುಣೆಯ ಗಿರಾಕಿಗಳ ಹತ್ತಿರ, ಅಂದರೆ ಕೊರಿಯರ್ ಚಾರ್ಜ್ ಬರುವ ಕಡೆ.

ಇಷ್ಟು ಕಾಲದ ವ್ಯಾಪಾರದಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಗಿರಾಕಿಗೆ ಸಿಟ್ಟು ಬರುವುದು ನೂರು ರೂಪಾಯಿಗಲ್ಲ, ಆ ನೂರು ರೂಪಾಯಿ ಆಮೇಲೆ ಬಂದದ್ದಕ್ಕೆ. ಓಲೆ ಇಷ್ಟವಾಗಿ, ಮನಸ್ಸಿನಲ್ಲಿ ಆಗಲೇ ಕಿವಿಗೆ ಹಾಕಿಕೊಂಡು, ದುಡ್ಡು ಕಳಿಸಲು ಫೋನ್ ತೆಗೆದ ಮೇಲೆ "ಕೊರಿಯರ್ ಬೇರೆ" ಅಂದರೆ ಯಾರಿಗಾದರೂ ಮೋಸ ಹೋದ ಹಾಗೆ ಅನಿಸುತ್ತದೆ. ಅದೇ ಮೊದಲೇ 250 ಅಂದರೆ ಒಂದೋ ತಗೊಳ್ಳುತ್ತಾರೆ, ಇಲ್ಲವೇ ಬೇಡ ಅನ್ನುತ್ತಾರೆ. ಎರಡೂ ಒಳ್ಳೆಯದೇ.

ಕಾನೂನು ಹೇಳುವುದೂ ಇದನ್ನೇ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು. ಅದರಲ್ಲಿ ಸಾಗಣೆಗೆಷ್ಟು, ಪ್ಯಾಕಿಂಗಿಗೆಷ್ಟು, ತೆರಿಗೆಗೆಷ್ಟು ಅಂತ ಬಿಡಿಸಿಯೂ ಹೇಳಬೇಕು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಗೆ ಒಂದೊಂದೇ ಸೇರಿಸುವ ಚಾಳಿಗೆ ಡ್ರಿಪ್ ಪ್ರೈಸಿಂಗ್ ಅಂತ ಹೆಸರಿದೆ. 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಆನ್‌ಲೈನಿನಲ್ಲಿ ಗಿರಾಕಿಯನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯಲ್ಲಿ ಅದನ್ನು ಮಾಡಬಾರದ 13 ತಂತ್ರಗಳ ಸಾಲಿಗೆ ಸೇರಿಸಿದ್ದಾರೆ. ದೊಡ್ಡ ವೆಬ್‌ಸೈಟ್‌ಗಳಿಗೆ ಹಾಕಿದ ಈ ಅಳತೆಯನ್ನು ನನ್ನ ಸಣ್ಣ ವ್ಯಾಪಾರಕ್ಕೂ ಇಟ್ಟುಕೊಂಡಿದ್ದೇನೆ. ಫೋಟೋದ ಕೆಳಗೇ ನಾನು ಬರೆಯುವುದು ಹೀಗೆ:

"ಜುಮುಕಿ 150, ಡಬ್ಬ ಮತ್ತು ಕೊರಿಯರ್ 100, ಮನೆ ಬಾಗಿಲಿಗೆ ಒಟ್ಟು 250. ತೆರಿಗೆ ಇದರಲ್ಲೇ ಸೇರಿದೆ. ಇನ್ನೆರಡು ಜೊತೆ ಸೇರಿಸಿದರೂ ಕೊರಿಯರ್ ಅಷ್ಟೇ."

ಕೊನೆಯ ಸಾಲು ಸುಮ್ನೆ ಬರೆದದ್ದಲ್ಲ. ಕೊರಿಯರ್‌ನವರ ಲೆಕ್ಕ ಸಾಮಾನ್ಯವಾಗಿ ಅರ್ಧ ಕಿಲೋದಿಂದ ಶುರು. ಇಪ್ಪತ್ತು ಗ್ರಾಂನ ಓಲೆಗೂ ಅರ್ಧ ಕಿಲೋದ ದುಡ್ಡೇ. ಅದರ ಮೇಲೆ ಡಬ್ಬದ ಗಾತ್ರದ ಲೆಕ್ಕ ಬೇರೆ ಇದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಜಾಸ್ತಿಯಾದರೆ ಅದಕ್ಕೇ ದುಡ್ಡು. ನನ್ನ ಬಳೆ ಡಬ್ಬ ಇಪ್ಪತ್ತು, ಇಪ್ಪತ್ತು, ಹತ್ತು. ಗುಣಿಸಿದರೆ 4000, ಭಾಗಿಸಿದರೆ 800 ಗ್ರಾಂ. ಒಳಗಿನ ಬಳೆ ಮುನ್ನೂರು ಗ್ರಾಂ ಇದ್ದರೂ ಬಿಲ್ಲು ಒಂದು ಕಿಲೋಗೆ. "ಓಲೆಗೆ ನೂರು, ಬಳೆಗೆ ಯಾಕೆ ನೂರೈವತ್ತು" ಅಂತ ಕೇಳಿದವರಿಗೆ ಖಾಲಿ ಡಬ್ಬದ ಪಕ್ಕ ಟೇಪ್ ಇಟ್ಟು ಫೋಟೋ ಕಳಿಸುತ್ತೇನೆ. ಆಮೇಲೆ ಚರ್ಚೆ ಬೆಳೆಯುವುದಿಲ್ಲ. ಕೊರಿಯರ್ ರಸೀದಿಯ ಫೋಟೋವನ್ನೂ ಕೇಳುವ ಮೊದಲೇ ಕಳಿಸುತ್ತೇನೆ. ರಸೀದಿಯಲ್ಲಿ ಎಂಬತ್ತು ಇದ್ದು ನಾನು ನೂರು ತಗೊಂಡಿದ್ದರೆ, ಉಳಿದ ಇಪ್ಪತ್ತು ಡಬ್ಬ, ಬಬಲ್ ರ‍್ಯಾಪ್, ಟೇಪಿಗೆ. ಅದನ್ನು ಮುಚ್ಚಿಡುವ ಅಗತ್ಯವೇ ಇಲ್ಲ.

ನಿಜವಾದ ಕಷ್ಟ ಇರುವುದು ವಾಪಸ್ ಬರುವ ಮಾಲಿನಲ್ಲಿ. ಅಲ್ಲಿ ಹೋದ ಕೊರಿಯರ್, ಬಂದ ಕೊರಿಯರ್ ಎರಡೂ ಲೆಕ್ಕಕ್ಕೆ ಬರುತ್ತವೆ. ತಪ್ಪು ಯಾರದ್ದು ಅಂತ ತೀರ್ಮಾನ ಆಗುವವರೆಗೆ ದುಡ್ಡು ಯಾರದ್ದು ಅಂತಲೂ ಆಗುವುದಿಲ್ಲ.

ಬಳೆಯ ಅಳತೆಯನ್ನೇ ತಗೊಳ್ಳಿ. ಒಬ್ಬ ಗಿರಾಕಿ ಪುಣೆಯಿಂದ 2.4 ಬಳೆ ಕೇಳಿದರು. ಹೋದದ್ದೂ 2.4. ಬಳೆ ಕೈಗೆ ಏರಲಿಲ್ಲ. "ನಾನು ಹಳೆ ಬಳೆಯ ಮೇಲೆ ಸ್ಕೇಲ್ ಇಟ್ಟು ಅಳೆದೇ ಹೇಳಿದ್ದು, ನೀವು ಸಣ್ಣದು ಕಳಿಸಿದ್ದೀರಿ, ಎರಡೂ ಕಡೆಯ ಕೊರಿಯರ್ ಕೊಡಿ" ಅಂದರು. ಫೋಟೋ ತರಿಸಿ ನೋಡಿದೆ. ಅವರು ಅಳೆದದ್ದು ಸರಿಯೇ ಇತ್ತು, ಸ್ಕೇಲಿನಲ್ಲಿ ಎರಡು ಪಾಯಿಂಟ್ ನಾಲ್ಕು ಇಂಚು, ಅಂದರೆ ಹತ್ತಿರ ಹತ್ತಿರ 61 ಮಿಲಿಮೀಟರ್. ಆದರೆ ಬಳೆ ಅಂಗಡಿಯ 2.4 ಅಂದರೆ ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರು ಪಾಲಿನಲ್ಲಿ ನಾಲ್ಕು ಪಾಲು. ಅದು 57 ಮಿಲಿಮೀಟರ್ ಮಾತ್ರ. ಅವರಿಗೆ ಬೇಕಾದದ್ದು ನಮ್ಮ ಲೆಕ್ಕದ 2.6. ಅವರೂ ಸರಿ, ನಾನೂ ಸರಿ, ಬಳೆ ಮಾತ್ರ ಯಾರ ಕೈಗೂ ಇಲ್ಲ.

ಇಂಥ ಕಡೆ ನಾನು ಅರ್ಧರ್ಧಕ್ಕೆ ಹೋಗುತ್ತೇನೆ. ವಾಪಸ್ ಕಳಿಸುವ ಖರ್ಚು ಅವರದ್ದು, ಸರಿಯಾದ ಬಳೆ ಮತ್ತೆ ಕಳಿಸುವ ಖರ್ಚು ನನ್ನದು. ಹೀಗಂದರೆ ಒಪ್ಪದವರು ಬಹಳ ಕಡಿಮೆ. ಈಗ ಬಳೆಯ ಆರ್ಡರ್ ಬಂದರೆ ನಂಬರ್ ಕೇಳುವುದೇ ಇಲ್ಲ. "ಕೈಗೆ ಸರಿಯಾಗುವ ಒಂದು ಬಳೆಯನ್ನು ಸ್ಕೇಲಿನ ಮೇಲೆ ಇಟ್ಟು, ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ ಎಷ್ಟು ಮಿಲಿಮೀಟರ್ ಅಂತ ಫೋಟೋ ಹಾಕಿ" ಅನ್ನುತ್ತೇನೆ. ನಂಬರ್ ನಾನೇ ಹಾಕುತ್ತೇನೆ. ನಾನು ಹಾಕಿದ ನಂಬರ್ ತಪ್ಪಾದರೆ ಪೂರ್ತಿ ಖರ್ಚು ನನ್ನದೇ.

ಕಲ್ಲು ಉದುರಿದ್ದರೆ, ಕೊಕ್ಕೆ ಮುರಿದಿದ್ದರೆ, ಬೇರೆ ಮಾಲು ಹೋಗಿದ್ದರೆ ಮಾತೇ ಇಲ್ಲ, ಎರಡೂ ಕಡೆಯ ಕೊರಿಯರ್ ನನ್ನದು. "ಸೀರೆಗೆ ಮ್ಯಾಚ್ ಆಗ್ಲಿಲ್ಲ" ಅಂದರೆ ಎರಡೂ ಅವರದ್ದು. ಇದನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಬರೆದು ಕಳಿಸಿರುತ್ತೇನೆ. ತುಂಬ ಮಾರಾಟಗಾರರು ಡಬ್ಬ ಬಿಚ್ಚುವ ವಿಡಿಯೋ ಇಲ್ಲದಿದ್ದರೆ ದೂರನ್ನೇ ಕೇಳುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ. ಮನೆಗೆ ಬಂದ ಪಾರ್ಸೆಲನ್ನು ಅಜ್ಜಿಯೋ ಮಗುವೋ ಬಿಚ್ಚಿರುತ್ತಾರೆ, ಅವರಿಗೆ ವಿಡಿಯೋ ಎಲ್ಲಿ ನೆನಪಿರುತ್ತದೆ? ಅದರ ಬದಲು ಪ್ಯಾಕ್ ಮಾಡುವಾಗ ನಾನೇ ವಿಡಿಯೋ ತೆಗೆಯುತ್ತೇನೆ. ಒಂದೊಂದು ಕಲ್ಲೂ ಕಾಣುವ ಹಾಗೆ ಸರ ತಿರುಗಿಸಿ, ಡಬ್ಬ ಮುಚ್ಚಿ, ಟೇಪ್ ಹಾಕುವವರೆಗೆ. ಸಾಕ್ಷಿ ಇಟ್ಟುಕೊಳ್ಳುವ ಕೆಲಸ ಮಾರುವವರದ್ದು.

ಸಾವಿರದ ಮೇಲೆ ಫ್ರೀ ಶಿಪ್ಪಿಂಗ್ ಅನ್ನುವ ಆಫರನ್ನು ಪೂರ್ತಿ ಬಿಟ್ಟಿದ್ದೇನೆ. ಏಳುನೂರರ ಸರ, ನಾನೂರರ ಬಳೆ ತಗೊಂಡು ಬಳೆ ಮಾತ್ರ ವಾಪಸ್ ಕಳಿಸಿದರೆ ಉಳಿಯುವುದು ಏಳುನೂರು. ಈಗ ಕೊರಿಯರ್ ಚಾರ್ಜ್ ಹಾಕಬೇಕಾ, ಬೇಡವಾ? ಹಾಕಿದರೆ ಫ್ರೀ ಅಂದದ್ದನ್ನು ಕಿತ್ತುಕೊಂಡ ಹಾಗೆ. ಹಾಕದಿದ್ದರೆ ನನಗೆ ನಷ್ಟ. ಅದರ ಬದಲು ದೊಡ್ಡ ಆರ್ಡರಿಗೆ ಮಾಲಿನ ಬೆಲೆಯಲ್ಲೇ ಐವತ್ತು ಕಡಿಮೆ ಮಾಡುತ್ತೇನೆ.

ಮಳೆಗಾಲದ ಜಗಳ ಬೇರೆ ಥರ. ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನ ಪಾರ್ಸೆಲ್ ಸುತ್ತು ಬಳಸಿ ಹೋಗಬೇಕು. ಮದುವೆ ಶುಕ್ರವಾರ, ಸರ ತಲುಪಿದ್ದು ಶನಿವಾರ ಅಂದರೆ ಆ ಸರ ಇಟ್ಟುಕೊಂಡು ಅವರು ಏನು ಮಾಡಬೇಕು? ನಾನು ತಾರೀಕು ಕೊಟ್ಟಿದ್ದರೆ, ತಡವಾದ ಮಾಲನ್ನು ನಾನು ವಾಪಸ್ ತಗೊಳ್ಳಲೇಬೇಕು, ಕೊರಿಯರ್ ದುಡ್ಡನ್ನೂ ಕೊಡಬೇಕು. ಗುಡ್ಡ ಕುಸಿದದ್ದು ಗಿರಾಕಿಯ ತಲೆನೋವಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮಾರಂಭದ ತಾರೀಕು ಕೇಳಿಕೊಂಡು, ಒಂದು ವಾರದ ಅಂತರ ಇದ್ದರೆ ಮಾತ್ರ ಆರ್ಡರ್ ಹಿಡಿಯುತ್ತೇನೆ. ಡಬ್ಬವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಅಂಟಿಸಿಯೇ ಕಳಿಸುವುದು. ನೀರು ತಾಗಿದರೆ ಪಾಲಿಶ್ ಹೋಗಿ ಇನ್ನೊಂದು ಜಗಳ.

ಕೊಳ್ಳುವವರ ಕಡೆ ನಿಂತು ಹೊಡೆದಾಡಿದ ಒಂದು ಸಂಗತಿಯನ್ನೂ ಹೇಳುತ್ತೇನೆ. ಪಕ್ಕದ ಮನೆಯ ಅಕ್ಕ ಮಗಳಿಗೆ ಅಂತ ಬೇರೆ ರಾಜ್ಯದ ಒಂದು ಆನ್‌ಲೈನ್ ಅಂಗಡಿಯಿಂದ ಬೆಳ್ಳಿ ಗೆಜ್ಜೆ ತರಿಸಿದ್ದರು. ಎರಡು ಕಾಲಿಗೂ ಹತ್ತು ಇಂಚು ಅಂತ ಬರೆದಿತ್ತು. ಬಂದ ಜೊತೆಯಲ್ಲಿ ಒಂದು ಹತ್ತು, ಇನ್ನೊಂದು ಒಂಬತ್ತೂ ಇಲ್ಲ. ಅಂಗಡಿಯವರು "ನಿಮ್ಮ ಖರ್ಚಿನಲ್ಲಿ ವಾಪಸ್ ಕಳಿಸಿ, ಮೊದಲು ಕಟ್ಟಿದ ಶಿಪ್ಪಿಂಗ್ ಬಿಟ್ಟು ಉಳಿದದ್ದು ಕೊಡುತ್ತೇವೆ" ಅಂದರು. ಅಕ್ಕ ಕೈಬಿಡುವವರಿದ್ದರು. "ಇನ್ನೂರು ಮುನ್ನೂರು ರೂಪಾಯಿಗೆ ಯಾರು ಅವರ ಹಿಂದೆ ಬೀಳುವುದು, ಬಿಡು" ಅಂದರು. ನನಗೆ ಬಿಡಲು ಮನಸ್ಸಾಗಲಿಲ್ಲ. ಇಂಥವರಿಂದಲೇ ನನ್ನಂಥವರನ್ನೂ ಜನ ನಂಬದ ಹಾಗಾಗಿದೆ.

ಎರಡೂ ಗೆಜ್ಜೆಯನ್ನು ನೆಲದ ಮೇಲೆ ಟೇಪಿನ ಪಕ್ಕ ಚಾಚಿ ಫೋಟೋ ತೆಗೆದೆವು. ಹತ್ತು ಇಂಚು ಅಂತ ಬರೆದಿದ್ದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡೆವು. ಆ ಪುಟ ಆಮೇಲೆ ಬದಲಾಗಬಹುದು, ಹಾಗಾಗಿ ಇದು ಮೊದಲ ಕೆಲಸ. ಆಮೇಲೆ ಕಸ್ಟಮರ್ ಕೇರ್ ಚಾಟ್ ಬಿಟ್ಟು ಕುಂದುಕೊರತೆ ಅಧಿಕಾರಿಗೆ ಮೇಲ್ ಬರೆದೆವು. ಆನ್‌ಲೈನ್ ಅಂಗಡಿಯವರು ಆ ಅಧಿಕಾರಿಯ ಹೆಸರು, ವಿಳಾಸ ಹಾಕಲೇಬೇಕು. ದೂರು ತಲುಪಿತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಮೇಲ್‌ನಲ್ಲಿ ಬೈಗುಳ ಇಲ್ಲ, ಕಥೆ ಇಲ್ಲ. ಆರ್ಡರ್ ನಂಬರ್, ಏನು ಬರೆದಿತ್ತು, ಏನು ಬಂತು, ಗೆಜ್ಜೆಯ ಬೆಲೆ ಮತ್ತು ಎರಡೂ ಕಡೆಯ ಕೊರಿಯರ್ ಸೇರಿ ಎಷ್ಟು ವಾಪಸ್ ಬೇಕು, ಅಷ್ಟೇ. ಹೇಳಿದ್ದಕ್ಕಿಂತ ಬೇರೆ ಮಾಲು ಕೊಟ್ಟ ಮಾರಾಟಗಾರ ವಾಪಸ್ ತಗೊಳ್ಳಲು ಒಲ್ಲೆ ಅನ್ನುವಂತಿಲ್ಲ ಅನ್ನುವ 2020ರ ನಿಯಮವನ್ನೂ ಒಂದು ಸಾಲಿನಲ್ಲಿ ಸೇರಿಸಿದೆವು.

"ನಮ್ಮ ಪಾಲಿಸಿ ಹೀಗೇ" ಅಂತ ಉತ್ತರ ಬಂತು. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅವರು ದೂರಿಗೊಂದು ನಂಬರ್ ಕೊಟ್ಟು ಅಂಗಡಿಯವರಿಗೆ ಕಳಿಸಿದರು. ಅದಾದ ಮೇಲೆ ಅಂಗಡಿಯವರ ದನಿ ಬದಲಾಯಿತು. ಅವರೇ ಪಿಕಪ್ ಕಳಿಸಿದರು, ಶಿಪ್ಪಿಂಗ್ ಸೇರಿ ಪೂರ್ತಿ ದುಡ್ಡು ಅಕ್ಕನ ಖಾತೆಗೆ ಬಂತು. ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದು ಅಂತ ನಿರ್ಧರಿಸಿದ್ದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂಗಡಿಯವರ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದವರೆಗೆ ಸಮಯ ಇದೆ.

ನನ್ನ ವ್ಯಾಪಾರದಲ್ಲಿ ಇನ್ನು ಉಳಿದದ್ದು ಕ್ಯಾಶ್ ಆನ್ ಡೆಲಿವರಿ. ಪಾರ್ಸೆಲ್ ಬಾಗಿಲಿಗೆ ಹೋದಾಗ "ಬೇಡ" ಅಂದುಬಿಟ್ಟರೆ ಹೋದ ಕೊರಿಯರ್, ಬಂದ ಕೊರಿಯರ್ ಎರಡೂ ನನ್ನ ತಲೆಗೆ. ಹಾಗಾಗಿ ಕೊರಿಯರ್‌ನ ದುಡ್ಡನ್ನು ಮಾತ್ರ ಮೊದಲೇ ತಗೊಳ್ಳುತ್ತೇನೆ, ಮಾಲಿನ ದುಡ್ಡು ಬಾಗಿಲಲ್ಲಿ. ಪಾರ್ಸೆಲ್ ಬಿಡಿಸಿಕೊಳ್ಳದಿದ್ದರೆ ಆ ಮುಂಗಡ ವಾಪಸ್ ಇಲ್ಲ ಅಂತ ಆಗಲೇ ಹೇಳುತ್ತೇನೆ. ಯುಪಿಐ ಗೊತ್ತಿಲ್ಲದ ಹಿರಿಯರಿಗೆ ಮಾತ್ರ ಈ ನಿಯಮ ಇಲ್ಲ. ಅವರಿಗೆ ಫೋನ್ ಮಾಡಿ, ಒಟ್ಟು ಎಷ್ಟು ಅಂತ ಹೇಳಿ, ಅವರ ಬಾಯಿಂದಲೇ ಒಮ್ಮೆ ಹೇಳಿಸಿ, ಆಮೇಲೆ ಪಾರ್ಸೆಲ್ ಹಾಕುತ್ತೇನೆ.